ಬ್ಲಡ್ ಬೌಲ್: ಓರ್ಕ್ ಟೀಮಲ್ಲಿ ಸ್ಕಿಲ್ ಯಾರಿಗೆ ಮೊದಲು ಕೊಡುದು?

ಬಲ್ಮಠ_ಓರ್ಕ್:

ಎಲ್ರಿಗೂ ನಮಸ್ಕಾರ. ಮಂಗ್ಳೂರಲ್ಲಿ ನಾವು ಎಂಟು ಜನ ಸೇರಿ ಬ್ಲಡ್ ಬೌಲ್ ಬೋರ್ಡ್ ಗೇಮ್ ಲೀಗ್ ಮಾಡ್ತಾ ಇದ್ದೇವೆ, 2020ರ ರೂಲ್‌ಬುಕ್ಕಿನ ಪ್ರಕಾರ. ಭಾನುವಾರ ಊಟ ಆದ್ಮೇಲೆ ಒಬ್ಬರ ಫ್ಲ್ಯಾಟಲ್ಲಿ ಕೂತ್ರೆ ಏಳುವಾಗ ರಾತ್ರಿ ಆಗ್ತದೆ. ನಂದು ಓರ್ಕ್ ಟೀಮು. ಶುರುವಿಗೆ ತಗೊಂಡದ್ದು ನಾಲ್ಕು ಬಿಗ್ ಅನ್ (ದೊಡ್ಡ ಗಟ್ಟಿ ಓರ್ಕ್), ನಾಲ್ಕು ಬ್ಲಿಟ್ಜರ್ (ಓಡಿ ಹೋಗಿ ಹೊಡೆಯುವವರು), ಮೂರು ಲೈನ್‌ಮನ್, ಎರಡು ರೀರೋಲ್ (ದಾಳ ಇನ್ನೊಂದ್ಸಲ ಹಾಕುವ ಅವಕಾಶ), ಒಂದು ಅಪೋಥೆಕರಿ (ಟೀಮಿನ ವೈದ್ಯ). ಅಲ್ಲಿಗೆ 10 ಲಕ್ಷ ಗೋಲ್ಡ್ ಪೂರ್ತಿ ಖಾಲಿ, ಬೆಂಚಲ್ಲಿ ಒಬ್ಬನೂ ಇಲ್ಲ.

ಸಮಸ್ಯೆ ಎಂತ ಅಂದ್ರೆ ಪೆಟ್ಟು ಕೊಡುದು ನಾನು, ಸ್ಕೋರ್ ಮಾಡುದು ಅವರು. ಸ್ಕೇವನ್ (ಇಲಿಗಳ ಟೀಮು) ಎದುರು ಕಷ್ಟಪಟ್ಟು ಬಾಲ್ ಹಿಡಿದವನ ಸುತ್ತ ಕೇಜ್ ಕಟ್ಟಿ ತಳ್ಳಿಕೊಂಡು ಹೋಗಿ ಆರನೇ ಟರ್ನಲ್ಲಿ ಟಚ್‌ಡೌನ್ ಮಾಡಿದ್ರೆ ಆ ಇಲಿಗಳು ಹಾಫ್ ಮುಗಿಯುವ ಮೊದ್ಲೇ ಸಮ ಮಾಡಿ ಆಗಿರ್ತದೆ. ಡ್ವಾರ್ಫ್ ಬಗ್ಗೆ ಅಂತೂ ಕೇಳ್ಲೇಬೇಡಿ, ಅವರ ಲೈನ್‌ಮನ್‌ಗಳಿಗೆ ಹುಟ್ಟುವಾಗ್ಲೇ ಬ್ಲಾಕ್, ಟ್ಯಾಕಲ್ ಎರಡು ಸ್ಕಿಲ್ಲೂ ಉಂಟು, ನನ್ನ ಬಿಗ್ ಅನ್ ಹೋಗಿ ಗುದ್ದಿದ್ರೆ ದಾಳದಲ್ಲಿ ಬೋತ್ ಡೌನ್ (ಬ್ಲಾಕ್ ಇಲ್ಲದವ ಬೀಳುವ ಮುಖ) ಬಿದ್ದು ಇವನೇ ಮಲಗುದು, ಅವನು ನಿಂತುಕೊಂಡೇ ಇರುದು, ನಂಗೆ ಟರ್ನ್‌ಓವರ್, ಅಂದ್ರೆ ನನ್ನ ಸರದಿ ಅಲ್ಲಿಗೇ ಮುಗೀತು.

ಈಗ ಟೀಮ್ ಬೆಳೆಸುವ ಹೊತ್ತು ಬಂತು. ಒಬ್ಬ ಬ್ಲಿಟ್ಜರ್ ಇದ್ದಾನೆ, ಹೆಸರು ಬೊಲ್ಲ ಅಂತ ಇಟ್ಟಿದ್ದೇನೆ, ಅವನಿಗೆ ಎರಡು ಟಚ್‌ಡೌನು ಒಂದು ಎಂವಿಪಿ (ಮ್ಯಾಚಿನ ಶ್ರೇಷ್ಠ ಆಟಗಾರ ಬಹುಮಾನ) ಸೇರಿ 10 ಎಸ್‌ಪಿಪಿ (ಸ್ಕಿಲ್ ತಗೊಳ್ಳುವ ಪಾಯಿಂಟು). ಇಬ್ಬರು ಬಿಗ್ ಅನ್‌ಗೆ ಒಂದೊಂದು ಕ್ಯಾಶುವಲ್ಟಿ (ಎದುರಿನವನಿಗೆ ಗಾಯ ಮಾಡಿ ಹೊರಗೆ ಹಾಕಿದ್ದು), ಅಂದ್ರೆ ತಲಾ 2. ಒಬ್ಬ ಲೈನ್‌ಮನ್‌ಗೆ ಎಂವಿಪಿ ಬಿದ್ದು 4. ಖಜಾನೆಯಲ್ಲಿ 1,20,000 ಉಂಟು. ನಮ್ಮ ಗುಂಪಲ್ಲಿ ಒಬ್ಬರು ಹೇಳ್ತಾರೆ ಬೊಲ್ಲನಿಗೆ ಏನೂ ಖರ್ಚು ಮಾಡ್ಬೇಡ, 18 ಆಗುವವರೆಗೆ ಕೂಡಿಸಿ ಸ್ಟ್ರೆಂತ್‌ಗೆ ಟ್ರೈ ಮಾಡು ಅಂತ. ಇನ್ನೊಬ್ಬರು ಸ್ಕಿಲ್ ಆರಿಸ್ಬೇಡ, ದಾಳ ಹಾಕಿ ರ್‍ಯಾಂಡಮ್ ತಗೋ, ಅಗ್ಗ ಅಂತಾರೆ. ದುಡ್ಡಲ್ಲಿ ಮೂರನೇ ರೀರೋಲ್ ತಗೊಳ್ಳುದಾ, ಥ್ರೋವರ್ ತಗೊಳ್ಳುದಾ? ಆಡಿ ಗೊತ್ತಿರುವವರು ಸ್ವಲ್ಪ ಹೇಳಿ ಮಾರ್ರೆ.

ಮತ್ತೊಂದು, ಈ ಮಳೆಗೆ ಗೊಂಬೆಗಳಿಗೆ ಪ್ರೈಮರ್ (ಬಣ್ಣದ ಅಡಿಯ ಕೋಟ್) ಹೊಡೀಲಿಕ್ಕೆ ಯಾರಿಗಾದ್ರೂ ಉಪಾಯ ಗೊತ್ತುಂಟಾ? ಅರ್ಧ ಟೀಮು ಇನ್ನೂ ಬರೀ ಬೂದು ಪ್ಲಾಸ್ಟಿಕ್ಕೇ.

---

ಸುರತ್ಕಲ್_ಹುಡುಗ:

ಕ್ಷಮಿಸಿ ಇದು ಎಂತ ಆಟ? ಬೌಲ್ ಅಂತ ನೋಡಿ ಕ್ರಿಕೆಟ್ ಅಂದ್ಕೊಂಡು ಒಳಗೆ ಬಂದೆ. ಓರ್ಕು ಇಲಿ ಎಲ್ಲ ಓದಿ ಮಂಡೆ ಬಿಸಿ ಆಯ್ತು.

---

ಕಟಪಾಡಿ_ಕೋಚ್:

@ಸುರತ್ಕಲ್_ಹುಡುಗ ಮಾರಾಯ್ರೆ, ಟೇಬಲ್ ಮೇಲೆ ಗೊಂಬೆ ಇಟ್ಟು ದಾಳ ಹಾಕಿ ಆಡುವ ಆಟ. ಅಮೆರಿಕನ್ ಫುಟ್ಬಾಲನ್ನು ರಾಕ್ಷಸರು, ಕುಳ್ಳರು, ಎಲ್ಫ್‌ಗಳು ಆಡಿದ್ರೆ ಹೇಗೆ, ಹಾಗೆ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್‌ನವರು 1986ರಲ್ಲಿ ತಂದದ್ದು, ಮಾಡಿದವರು ಜರ್ವಿಸ್ ಜಾನ್ಸನ್. ನಡುವೆ ತುಂಬಾ ವರ್ಷ ಕಂಪನಿ ಇದನ್ನು ಮೂಲೆಗೆ ಹಾಕಿತ್ತು, ಆಗ ಆಡುವವರೇ ಸೇರಿ ಉಳಿಸಿಕೊಂಡು ಬಂದ್ರು, 2016ರಲ್ಲಿ ಮತ್ತೆ ಹೊಸ ಬಾಕ್ಸ್ ಬಂತು. ಉದ್ದಕ್ಕೆ 26 ಚೌಕ, ಅಗಲಕ್ಕೆ 15, ಒಂದು ಬದಿಗೆ 11 ಜನ, ಒಂದು ಹಾಫಿಗೆ ತಲಾ 8 ಟರ್ನ್. ಬಾಲನ್ನು ಎದುರಿನವರ ಎಂಡ್‌ಜೋನಿಗೆ ಮುಟ್ಟಿಸಿದ್ರೆ ಟಚ್‌ಡೌನ್. ಎದುರಿಗೆ ಸಿಕ್ಕವನಿಗೆ ಹೊಡೀಬಹುದು, ಅದು ರೂಲಲ್ಲೇ ಉಂಟು. ಲೀಗಲ್ಲಿ ಆಡಿದ್ರೆ ಒಂದೊಂದು ಗೊಂಬೆಗೂ ಜಾತಕ ಇರ್ತದೆ, ಕಲೀತದೆ, ಗಾಯ ಆಗ್ತದೆ, ಸಾಯ್ತದೆ ಸಹ. ಬನ್ನಿ ಒಂದು ದಿನ, ನೋಡ್ಲಿಕ್ಕೆ ದುಡ್ಡಿಲ್ಲ.

ಈಗ @ಬಲ್ಮಠ_ಓರ್ಕ್. ದುಡ್ಡಿನದ್ದು ಮೊದ್ಲು ಹೇಳ್ತೇನೆ ಯಾಕಂದ್ರೆ ಅದು ಸುಲಭ. ರೀರೋಲ್ ಟೀಮ್ ಕಟ್ಟುವಾಗ 60,000, ಲೀಗ್ ಶುರು ಆದ್ಮೇಲೆ ಡಬಲ್, ಅಂದ್ರೆ ನಿಮ್ಮ ಅಷ್ಟೂ 1,20,000 ಒಂದಕ್ಕೇ ಹೋಗ್ತದೆ. ಅದೇ ದುಡ್ಡಿಗೆ ಥ್ರೋವರ್ 65,000, ಲೈನ್‌ಮನ್ 50,000, ಒಟ್ಟು 1,15,000ಕ್ಕೆ ಇಬ್ಬರು ಬರ್ತಾರೆ. ಥ್ರೋವರ್ ಅಂದ್ರೆ ಎಸೀಲಿಕ್ಕೆ ಅಂತ ತಿಳ್ಕೊಳ್ಬೇಡಿ, ಓರ್ಕ್ ಎಸೆಯುದನ್ನು ನೋಡ್ಲಿಕ್ಕೆ ಚಂದ ಇಲ್ಲ. ಅವನಿಗೆ ಶೂರ್ ಹ್ಯಾಂಡ್ಸ್ ಉಂಟು, ಅದಕ್ಕೆ. ನೆಲದಿಂದ ಬಾಲ್ ಎತ್ತಲಿಕ್ಕೆ ಬ್ಲಿಟ್ಜರ್‌ಗೂ 3+ (ದಾಳದಲ್ಲಿ 3 ಅಥವಾ ಮೇಲೆ) ಬೇಕು, ಇವನಿಗೂ 3+ ಬೇಕು, ಆದ್ರೆ ಇವನು ತಪ್ಪಿದ್ರೆ ಪುಕ್ಕಟೆ ಇನ್ನೊಂದ್ಸಲ ಹಾಕಬಹುದು. ಮೂರರಲ್ಲಿ ಎರಡು ಇದ್ದದ್ದು ಒಂಬತ್ತರಲ್ಲಿ ಎಂಟಕ್ಕೆ ಬಂತು, ಟೀಮಿನ ರೀರೋಲ್ ಜೇಬಲ್ಲೇ ಉಳೀತು. ಪ್ರತಿ ಡ್ರೈವಲ್ಲೂ ಬಾಲ್ ಎತ್ತಲೇಬೇಕಲ್ಲ, ಹಾಗಾಗಿ ಅವನೇ ನಿಮ್ಮ ಮೂರನೇ ರೀರೋಲ್.

ಲೈನ್‌ಮನ್ ಯಾಕೆ ಅಂದ್ರೆ 11ರಲ್ಲಿ ಒಬ್ಬ ಗಾಯ ಆಗಿ ಮುಂದಿನ ಮ್ಯಾಚಿಗೆ ಇಲ್ಲ ಅಂತ ಆದ್ರೆ ಜರ್ನಿಮನ್ ಒಬ್ಬ ಬರ್ತಾನೆ, ಬಿಟ್ಟಿಯಾಗಿಯೇ ಬರ್ತಾನೆ, ಆದ್ರೆ ಅವನಿಗೆ ಲೋನರ್ ಇರ್ತದೆ, ನೀವು ರೀರೋಲ್ ಕೊಟ್ರೂ 4+ ಬಿದ್ರೆ ಮಾತ್ರ ಅವನಿಗೆ ಸಿಗುದು. ಅಂಥವನನ್ನು ನಂಬಿ ಎಂತ ಮಾಡುದು.

ಸ್ಕಿಲ್ ವಿಷ್ಯ. ನಿಮ್ಮ ಲೆಕ್ಕ ನೋಡಿದ್ರೆ ಹೆಚ್ಚಿನ ಪಾಯಿಂಟೆಲ್ಲ ಬೊಲ್ಲನ ಹೊಟ್ಟೆಗೇ ಹೋಗಿದೆ. ಕಂಬಳದಲ್ಲಿ ಒಂದೇ ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ ಜೊತೆಯದ್ದಕ್ಕೆ ಬೈಹುಲ್ಲು ಹಾಕಿದ್ರೆ ನೊಗ ಎಲ್ಲಿಗೆ ಹೋಗ್ತದೆ ಹೇಳಿ. ಟಚ್‌ಡೌನಿಗೆ 3, ಕ್ಯಾಶುವಲ್ಟಿಗೆ 2, ಪಾಸ್ ಸರಿಯಾಗಿ ಮುಟ್ಟಿದ್ರೆ 1, ಎಂವಿಪಿಗೆ 4. ಬಾಲ್ ಹಿಡಿಯುವವನಿಗೆ ಪಾಯಿಂಟ್ ತಾನಾಗಿ ಬರ್ತದೆ, ಬಿಗ್ ಅನ್‌ಗೆ ಬರುದಿಲ್ಲ, ಅವನ ಕೈಯಲ್ಲಿ ಬಾಲ್ ನಿಲ್ಲುದೂ ಇಲ್ಲ. ಹಾಗಾಗಿ ಎಂವಿಪಿಗೆ ಆರು ಹೆಸರು ಬರೆದು ದಾಳ ಹಾಕುವಾಗ ಬೊಲ್ಲನ ಹೆಸರೇ ಬರೀಬೇಡಿ. ನಾಲ್ಕೂ ಬಿಗ್ ಅನ್ ಬರೀರಿ. 2 ಇದ್ದವನಿಗೆ ಎಂವಿಪಿ 4 ಬಿದ್ರೆ ಕರೆಕ್ಟ್ 6, ಇಷ್ಟದ ಪ್ರೈಮರಿ ಸ್ಕಿಲ್ (ಅವನ ಸ್ಥಾನಕ್ಕೆ ಸುಲಭದಲ್ಲಿ ಸಿಗುವ ಪಟ್ಟಿಯದ್ದು) ತಗೊಳ್ಳಬಹುದು.

ಬಿಗ್ ಅನ್‌ಗೆ ನನ್ನ ಓಟು ಗಾರ್ಡ್‌ಗೆ. ಎದುರಿನವ ಮೈಗೆ ಅಂಟಿಕೊಂಡು ನಿಂತ್ರೂ ಗಾರ್ಡ್ ಇದ್ದವನು ಪಕ್ಕದವನಿಗೆ ಅಸಿಸ್ಟ್ (ಹೊಡೆತಕ್ಕೆ ಸಹಾಯ) ಕೊಡ್ತಾನೆ. ನಾಲ್ಕು ಜನ ಗಾರ್ಡ್ ಇರುವ ಓರ್ಕ್ ಲೈನ್ ಎದುರು ಡ್ವಾರ್ಫ್ ಕೋಚೂ ಎರಡು ಸಲ ಎಣಿಸಿ ಕೈ ಹಾಕ್ತಾನೆ.

---

ಬಂಗುಡೆ_ಎಕ್ಸ್‌ಪ್ರೆಸ್:

ಆ ಇಲಿಗಳ ಕೋಚ್ ನಾನೇ 😂 ಇಲ್ಲಿ ಬಂದು ಟ್ಯೂಶನ್ ತಗೊಳ್ತಾ ಇದ್ದಿಯಾ ಮಾರಾಯ.

ಆದ್ರೂ ಹೇಳ್ತೇನೆ, ಸೋಲಿಸಿ ಸೋಲಿಸಿ ನಂಗೂ ಬೋರ್ ಆಗಿದೆ. ಕಟಪಾಡಿ ಅಣ್ಣ ಹೇಳುದು ಡ್ವಾರ್ಫ್ ಎದುರು ಸರಿ, ನನ್ನಂಥವನ ಎದುರು ಗಾರ್ಡ್ ಇಟ್ಕೊಂಡು ಎಂತ ಮಾಡ್ತಿ? ನಾನು ನಿನ್ನ ಬಿಗ್ ಅನ್ ಹತ್ರ ಬರುದೇ ಇಲ್ಲ. ನನ್ನ ಗಟರ್ ರನ್ನರ್ 9 ಚೌಕ ಓಡ್ತಾನೆ, ನಿನ್ನ ಬಿಗ್ ಅನ್ 5. ನಂಗೆ ಹೆದರಿಕೆ ಆಗುದು ಬೊಲ್ಲನಿಗೆ ಟ್ಯಾಕಲ್ ಬಂದ್ರೆ. ಲೆಕ್ಕ ನೋಡು, ಗಟರ್ ರನ್ನರ್ ಸ್ಟ್ರೆಂತ್ 2, ಬೊಲ್ಲ 3, ಅಸಿಸ್ಟ್ ಇಲ್ಲದಿದ್ರೂ ನಿಂಗೆ ಎರಡು ದಾಳ. ನಂಗೆ ಡಾಡ್ಜ್ (ತಪ್ಪಿಸಿಕೊಳ್ಳುವ ಸ್ಕಿಲ್) ಇರುದ್ರಿಂದ ದಾಳದಲ್ಲಿ ಸ್ಟಂಬಲ್ ಬಿದ್ರೆ ಬರೀ ಪುಶ್ (ಹಿಂದೆ ತಳ್ಳುದು), ಅಂದ್ರೆ ಬೀಳ್ಸಲಿಕ್ಕೆ ನಿಂಗೆ ಬೋತ್ ಡೌನ್ ಅಥವಾ ಪೌ (ಎದುರಿನವ ಬೀಳುವ ಮುಖ) ಬೇಕು, ನೂರಕ್ಕೆ 56. ಟ್ಯಾಕಲ್ ಇದ್ರೆ ನನ್ನ ಡಾಡ್ಜ್‌ಗೆ ಬೆಲೆ ಇಲ್ಲ, ಸ್ಟಂಬಲೂ ಸೇರ್ತದೆ, ನೂರಕ್ಕೆ 75. ಬಿದ್ಮೇಲೆ ಆರ್ಮರ್ 8+ ಅಂದ್ರೆ ಹಪ್ಪಳ. ಅದರ ಮೇಲೆ ಮೈಟಿ ಬ್ಲೋನೂ (ಪೆಟ್ಟು ಜೋರಾಗುವ ಸ್ಕಿಲ್) ಹಾಕಿದ್ರೆ ನನ್ನ ಟೀಮ್ ಹಾಫ್‌ಟೈಮಿಗೆ ಅರ್ಧ ಆಗ್ತದೆ. ಪಾಯಿಂಟ್ ಹಂಚುದೆಲ್ಲ ಸರಿ, ಆದ್ರೆ ಟೀಮಲ್ಲಿ ಒಬ್ಬ ಭಯಂಕರ ಕೊಲೆಗಾರ ಬೇಕೇ ಬೇಕು, ಅವನು ಪಿಚ್ಚಲ್ಲಿ ಇದ್ದಾನೆ ಅಂತ ಗೊತ್ತಿದ್ರೇ ನಾನು ಬೇರೆ ರೀತಿ ಆಡ್ತೇನೆ.

ಮತ್ತೆ ಆರನೇ ಟರ್ನಲ್ಲಿ ಸ್ಕೋರ್ ಮಾಡ್ಲಿಕ್ಕೆ ಹೇಳಿದ್ದು ಯಾರು ನಿಂಗೆ? ಗೆರೆ ಹತ್ರ ಬಂದು ನಿಂತ್ಕೊಳ್ಳಬೇಕಿತ್ತು, ಸುತ್ತ ನಾಲ್ಕು ಮೂಲೆಗೆ ನಾಲ್ಕು ಜನ ಇಟ್ಟು, ಎಂಟನೇ ಟರ್ನಲ್ಲಿ ಒಳಗೆ ಕಾಲಿಡಬೇಕಿತ್ತು. ನಂಗೆ ಎರಡು ಟರ್ನ್ ಕೊಟ್ರೆ ನಾನು ಚಾ ಕುಡೀತಾ ಸ್ಕೋರ್ ಮಾಡ್ತೇನೆ. ಒಂದೇ ಟರ್ನ್ ಉಳಿದಿದ್ರೆ ನಡುಗೆರೆಯಿಂದ 13 ಚೌಕ ದಾಟಬೇಕು, 9 ಓಟ, ಮೇಲಿಂದ ರಶ್ (ಬೀಳುವ ಅಪಾಯ ತಗೊಂಡು ಹೆಚ್ಚು ಓಡುದು) 2, ಅಲ್ಲಿಗೆ 11, ಉಳಿದ ಎರಡಕ್ಕೆ ಪುಶ್ ಮಾಡಿಸಿ ನನ್ನವನನ್ನೇ ನಾನು ಮುಂದೆ ದೂಡಿಸಿಕೊಳ್ಳಬೇಕು. ಆಗ್ತದೆ, ಆದ್ರೆ ಯಾವಾಗ್ಲೂ ಆಗುದಿಲ್ಲ.

---

ಬಲ್ಮಠ_ಓರ್ಕ್:

ನೀನು ಇಲ್ಲಿಯೂ ಉಂಟಾ! ಗೆರೆ ಹತ್ರ ನಿಂತ್ರೆ ಲಾಯ್ಕ ಇಲ್ಲ, ಹೇಡಿಗಳ ಆಟ ಅಂತ ಅವತ್ತು ಹೇಳಿದ್ದು ನೀನೇ ಅಲ್ವಾ??

---

ಬಂಗುಡೆ_ಎಕ್ಸ್‌ಪ್ರೆಸ್:

ಹೌದು. ಎದುರಾಳಿ ಹೇಳಿದ್ದನ್ನು ಕೇಳ್ತಾರಾ ಯಾರಾದ್ರೂ.

---

ಕೋಟೇಶ್ವರ_ಹಾಫ್ಲಿಂಗ್:

ಹ್ವಾಯ್, ನಾನು ಹೇಳುದು ಒಂಚೂರು ಕೇಣಿ. ನಾನು ಆಡುದು ಹಾಫ್ಲಿಂಗ್, ಅಂದ್ರೆ 30,000ಕ್ಕೆ ಒಂದು ಸಿಗುವ ಕುಳ್ಳರು, ದಿನಾ ಸಾಯುವವರು. ಹಾಗಾಗಿ ದಾಳದ ಲೆಕ್ಕ ನಂಗೆ ಬಾಯಿಪಾಠ, ಬದುಕ್ಲಿಕ್ಕೆ ಅದೊಂದೇ ದಾರಿ.

ಗಾರ್ಡಾ ಟ್ಯಾಕಲಾ ಅಂತ ಇಬ್ರೂ ಜಗಳ ಆಡ್ತಾ ಇದ್ದಾರೆ, ನಂಗೆ ಕಾಣುದು ನಿಮ್ಮ ರೋಗವೇ ಬೇರೆ. ಬಿಗ್ ಅನ್ ಸ್ಟ್ರೆಂತ್ 4, ಎದುರಿನವ 3, ಎರಡು ದಾಳ ಸಿಗ್ತದೆ ಅಂತ ನೀವು ಧೈರ್ಯದಲ್ಲಿ ಹೊಡೀತೀರಿ. ಬ್ಲಾಕ್ ಸ್ಕಿಲ್ ಇಲ್ಲದವನಿಗೆ ತಲೆಬುರುಡೆಯೂ ಕೆಟ್ಟದ್ದು, ಬೋತ್ ಡೌನೂ ಕೆಟ್ಟದ್ದು. ಆರು ಮುಖದಲ್ಲಿ ಎರಡು ಹೋಯ್ತು. ಎರಡೂ ದಾಳ ಕೆಟ್ಟದ್ದು ಬೀಳುದು 9ರಲ್ಲಿ 1. ಒಂದು ಹೊಡೆತಕ್ಕೆ ಅದು ಸಣ್ಣದೇ. ಆದ್ರೆ ನಾಲ್ಕು ಬಿಗ್ ಅನ್ ಒಂದೇ ಟರ್ನಲ್ಲಿ ನಾಲ್ಕು ಹೊಡೆತ ಹೊಡೆದ್ರೆ ನಾಲ್ಕೂ ಸುಸೂತ್ರ ದಾಟುದು ನೂರಕ್ಕೆ 62 ಸಲ ಮಾತ್ರ. ಅಂದ್ರೆ ಮೂರು ಟರ್ನಲ್ಲಿ ಒಂದು ಟರ್ನ್ ನಡುವಲ್ಲೇ ತುಂಡಾಗ್ತದೆ, ಅಥವಾ ರೀರೋಲ್ ತಿಂತದೆ, ನಿಮ್ಗೆ ಇರುದೇ ಎರಡು. ನಾಲ್ಕು ಜನರಿಗೂ ಬ್ಲಾಕ್ ಇದ್ರೆ ಕೆಟ್ಟದ್ದು 36ರಲ್ಲಿ 1, ನಾಲ್ಕೂ ದಾಟುದು ನೂರಕ್ಕೆ 89. ಡ್ವಾರ್ಫ್ ಎದುರು ನೀವು ಸೋಲುದು ಇದ್ರಲ್ಲೇ, ಅವರು ಬಲಶಾಲಿ ಅಂತ ಅಲ್ಲ, ಅವರು ತಾವಾಗಿ ಬೀಳುದಿಲ್ಲ. ಹಾಗಾಗಿ ಬಿಗ್ ಅನ್‌ಗೆ ಮೊದ್ಲು ಬ್ಲಾಕ್, ಎರಡನೇದ್ದು ಗಾರ್ಡ್.

ಅದು ಬರುವವರೆಗೆ ಎಂತ ಮಾಡುದು ಅಂದ್ರೆ ಟರ್ನಿನ ಕ್ರಮ ಸರಿ ಮಾಡಿ. ನಾನು ನೋಡಿದ ಹೊಸ ಓರ್ಕ್ ಕೋಚುಗಳೆಲ್ಲ ಟರ್ನ್ ಬಂದ ಕೂಡ್ಲೇ ಯಾರಿಗೆ ಹೊಡೆಯುದು ಅಂತ ಕೈ ತುರಿಸ್ತಾರೆ. ಮೊದ್ಲು ದಾಳವೇ ಬೇಡದ ಕೆಲಸ, ಬಿದ್ದವರನ್ನು ಏಳಿಸುದು, ಸುಮ್ನೆ ನಡೆದು ಬಾಲ್ ಸುತ್ತ ನಿಲ್ಲಿಸುದು, ಅಸಿಸ್ಟಿಗೆ ಜಾಗ ಹಿಡಿಯುದು. ಆಮೇಲೆ ಬ್ಲಿಟ್ಜರ್‌ಗಳ ಎರಡು ದಾಳದ ಹೊಡೆತ, ಅವರಿಗೆ ಬ್ಲಾಕ್ ಹುಟ್ಟಿನಿಂದ್ಲೇ ಉಂಟು. ಆಮೇಲೆ ಬಿಗ್ ಅನ್. ಒಂದು ದಾಳದ ಹೊಡೆತ, ರಶ್ ಮಾಡಿ ಓಡುದು ಇದೆಲ್ಲ ಕಟ್ಟಕಡೆಗೆ, ಬೇಕಿದ್ರೆ ಮಾತ್ರ. ಬೇಡದಿದ್ರೆ ಹೊಡೀಲೇಬೇಡಿ, ಹೊಡೆಯದೇ ಇರ್ಲಿಕ್ಕೂ ರೂಲಲ್ಲಿ ಅವಕಾಶ ಉಂಟು ಅಂತ ಓರ್ಕ್‌ನವರಿಗೆ ಯಾರೂ ಹೇಳಿಕೊಡುದಿಲ್ಲ ಕಾಣ್ತದೆ.

18 ಕೂಡಿಸಿ ಸ್ಟ್ರೆಂತ್ ಅಂತ ಹೇಳಿದವ್ರಿಗೆ ಒಂದು ಕೈ ಮುಗೀರಿ. ಡಿ16 (16 ಮುಖದ ದಾಳ) ಹಾಕಿ 15 ಅಥವಾ 16 ಬಿದ್ರೆ ಸ್ಟ್ರೆಂತ್ ಸಿಗುದು, 8ರಲ್ಲಿ 1. ಅಷ್ಟು ಹೊತ್ತು ಬೊಲ್ಲ ಏನೂ ಕಲೀದೆ ಆಡ್ಬೇಕು, ಸಾಯ್ಲೂಬಾರ್ದು.

---

ಕಟಪಾಡಿ_ಕೋಚ್:

ಕೋಟೇಶ್ವರದವರ 62, 89 ಲೆಕ್ಕ ಒಪ್ತೇನೆ, ಆದ್ರೆ ಅದು ಪ್ರತಿ ಟರ್ನ್ ನಾಲ್ಕೂ ಜನ ಹೊಡೆದ್ರೆ ಮಾತ್ರ. ಒಳ್ಳೇ ಕೋಚ್ ಎದುರು ಮೊದಲ ಟರ್ನ್ ಬಿಟ್ರೆ ನಾಲ್ಕೂ ಜನರಿಗೆ ಹೊಡೀಲಿಕ್ಕೆ ಜನ ಸಿಗುದಿಲ್ಲ. ನಾನು ಇಬ್ಬರಿಗೆ ಬ್ಲಾಕ್ ಇಬ್ಬರಿಗೆ ಗಾರ್ಡ್ ಮಾಡಿ ಆಮೇಲೆ ಅದಲುಬದಲು ಮಾಡ್ತೇನೆ ಅಂತ ಇಟ್ಕೊಳ್ಳಿ. ಲೀಗಲ್ಲಿ ಡ್ವಾರ್ಫ್ ಜಾಸ್ತಿ ಇದ್ರೆ ಬ್ಲಾಕ್ ಮೊದ್ಲು, ಸರಿ.

ರ್‍ಯಾಂಡಮ್ ಬಗ್ಗೆ ಯಾರೂ ಹೇಳ್ಲಿಲ್ಲ. ಮೊದಲ ರ್‍ಯಾಂಡಮ್ ಪ್ರೈಮರಿಗೆ 3 ಎಸ್‌ಪಿಪಿ, ಆರಿಸಿದ್ರೆ 6. ಟೀಮ್ ವ್ಯಾಲ್ಯೂ ಏರುದೂ ರ್‍ಯಾಂಡಮ್‌ಗೆ 10,000, ಆರಿಸಿದ್ದಕ್ಕೆ 20,000. ಅಗ್ಗ ಹೌದು. ಆದ್ರೆ ಜನರಲ್ ಪಟ್ಟಿಯಲ್ಲಿ 12 ಸ್ಕಿಲ್ ಉಂಟು, ನಿಮ್ಗೆ ಬೇಕಾದ್ದು ಬೀಳುದು 12ರಲ್ಲಿ 1. ಬಿಗ್ ಅನ್‌ಗೆ ಶೂರ್ ಹ್ಯಾಂಡ್ಸ್ ಬಿದ್ರೆ ಅವನನ್ನು ಫೋಟೋ ತೆಗೆದು ಗೋಡೆಗೆ ಹಾಕ್ಬೇಕಷ್ಟೆ. ಮುಖ್ಯ ಆಟಗಾರರಿಗೆ ರ್‍ಯಾಂಡಮ್ ಬೇಡ. ಲೈನ್‌ಮನ್‌ಗೆ ಬೇಕಾದ್ರೆ ಹಾಕಿ, ಅವನಿಗೆ ಕಿಕ್ ಬಿದ್ರೂ ಉಪಯೋಗ, ರೆಸಲ್ ಬಿದ್ರೂ ಉಪಯೋಗ, ಡರ್ಟಿ ಪ್ಲೇಯರ್ ಬಿದ್ರಂತೂ ಬಿದ್ದವರನ್ನು ತುಳೀಲಿಕ್ಕೆ ಒಬ್ಬ ಆಯ್ತು. ಆದ್ರೆ ನಿಮ್ಮ ಲೈನ್‌ಮನ್‌ಗೆ 4 ಉಂಟಲ್ಲ, ಮುಂದಿನ ಟಚ್‌ಡೌನ್ ಅವನ ಕೈಯಲ್ಲಿ ಮಾಡಿಸಿ, 7 ಆಗ್ತದೆ, ಬ್ಲಾಕ್ ಆರಿಸಿ ತಗೊಳ್ಳಿ. ಬೊಲ್ಲನಿಂದ ಅವನಿಗೆ ಹ್ಯಾಂಡ್‌ಆಫ್ ಮಾಡುವಾಗ ಜಾಗ್ರತೆ, ಓರ್ಕ್‌ಗಳಿಗೆ ಆನಿಮೋಸಿಟಿ (ತಮ್ಮೊಳಗಿನ ಜಗಳ) ಉಂಟು, 1 ಬಿದ್ರೆ ಬಾಲ್ ಕೊಡುದೇ ಇಲ್ಲ, ಕೊಟ್ರೂ ಇವನು ಹಿಡೀಬೇಕು. ಸಮಯ ಇರುವಾಗ ಮಾತ್ರ ಮಾಡಿ, ಇಲ್ಲದಿದ್ರೆ ಡ್ರೈವ್ ಶುರುವಿಂದ್ಲೇ ಅವನನ್ನು ಕೇಜಿನ ನಡುವೆ ಇಡಿ. ಬಾಲ್ ಸಿಗುವ ಜಾಗದಿಂದ ಎಂಡ್‌ಜೋನಿಗೆ ಸುಮಾರು 20 ಚೌಕ ಅಂತ ಇಟ್ರೂ ಏಳು ಟರ್ನಿಗೆ ಮೂರು ಮೂರು ಚೌಕ ಹೋದ್ರೆ ಸಾಕು, ಓರ್ಕ್‌ಗೆ ಅದು ಕಷ್ಟ ಅಲ್ಲ.

ಇನ್ನೊಂದು ಮಾತು. ಟೀಮ್ ವ್ಯಾಲ್ಯೂ ನೋಡ್ಕೊಳ್ಳಿ. ಎದುರಿನವನಿಗಿಂತ ನಿಮ್ದು ಎಷ್ಟು ಜಾಸ್ತಿಯೋ ಅಷ್ಟಕ್ಕೆ ಅವನಿಗೆ ಇಂಡ್ಯೂಸ್‌ಮೆಂಟ್ ಸಿಗ್ತದೆ, ಲಂಚ, ಬಾಡಿಗೆ ಅಪೋಥೆಕರಿ, ವ್ಯತ್ಯಾಸ ದೊಡ್ಡದಿದ್ರೆ ಮಾರ್ಗ್ ಎನ್ ಥಾರ್ಗ್ ಅಂಥ ಸ್ಟಾರ್ ಪ್ಲೇಯರೇ ಬಂದು ನಿಲ್ತಾನೆ. ಕೆಲಸಕ್ಕೆ ಬಾರದ ಸ್ಕಿಲ್ ಹಾಕಿ ವ್ಯಾಲ್ಯೂ ಏರಿಸಿದ್ರೆ ನಿಮ್ಮ ದುಡ್ಡಲ್ಲಿ ಅವರು ಮದ್ವೆ ಮಾಡಿದ ಹಾಗೆ.

---

ಕೋಟೇಶ್ವರ_ಹಾಫ್ಲಿಂಗ್:

ಹೌದು ಹೌದು, ಆ ಮದ್ವೆಯಲ್ಲಿ ಊಟ ಮಾಡುವವ ನಾನೇ. ಹಾಫ್ಲಿಂಗ್‌ಗೆ ಮಾಸ್ಟರ್ ಶೆಫ್ ಉಂಟು, 1,00,000ಕ್ಕೆ. ಪ್ರತಿ ಹಾಫ್ ಶುರುವಲ್ಲಿ ಮೂರು ದಾಳ, 4+ ಬಿದ್ದಷ್ಟು ಸಲ ಎದುರಿನವರ ರೀರೋಲ್ ಹೋಗಿ ನಂಗೆ ಒಂದೊಂದು ಬರ್ತದೆ. ಎರಡೇ ರೀರೋಲ್ ಇಟ್ಕೊಂಡು ಬಂದ ಓರ್ಕ್‌ನವರ ಮುಖ ಆಗ ನೋಡ್ಬೇಕು.

---

ಬಣ್ಣದವೇಷ_ಬ್ರಶ್:

ಆಟದ ವಿಷ್ಯ ಅವರೆಲ್ಲ ಹೇಳಿದ್ರು, ನಾನು ಪೇಂಟಿಂಗ್ ಹೇಳ್ತೇನೆ, ಉಡುಪಿಯಲ್ಲಿ ಕೂತು ಇದೇ ಮಳೆಯಲ್ಲಿ ಮಾಡುವವ.

ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಬೇಡವೇ ಬೇಡ. ಗಾಳಿಯಲ್ಲಿ ನೀರಿನಂಶ ಜಾಸ್ತಿ ಇದ್ರೆ ಸ್ಪ್ರೇ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಪೊರೆ ಬರ್ತದೆ, ಅಥವಾ ಮರಳು ಮರಳಾಗಿ ಕೂರ್ತದೆ, ಓರ್ಕ್‌ನ ಹಲ್ಲು ಯಾವುದು ತುಟಿ ಯಾವುದು ಗೊತ್ತಾಗುದಿಲ್ಲ. ವಾರ್ನಿಶ್ ಸ್ಪ್ರೇ ಅಂತೂ ಇನ್ನೂ ಅಪಾಯ, ಮುಗಿದ ಕೆಲಸವೇ ಹಾಳು. ಆಟಿ ತಿಂಗಳಲ್ಲಿ ಬ್ರಶ್ಶಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ. ಮೊದ್ಲು ಗೊಂಬೆಯನ್ನು ಸೋಪು ನೀರಲ್ಲಿ ಹಳೇ ಟೂತ್‌ಬ್ರಶ್ ಹಾಕಿ ತೊಳೆದು ಫ್ಯಾನಿನ ಅಡಿ ಒಂದು ರಾತ್ರಿ ಒಣಗಿಸಿ, ಆಮೇಲೆ ತೆಳ್ಳಗೆ ಎರಡು ಕೋಟ್. ಒಂದೇ ಸಲ ದಪ್ಪ ಹಚ್ಚಿದ್ರೆ ಸಂದಿಯಲ್ಲೆಲ್ಲ ತುಂಬ್ತದೆ. ಒಂದು ಲಾಭವೂ ಉಂಟು, ನಮ್ಮ ಊರಲ್ಲಿ ಈ ಸಮಯಕ್ಕೆ ಪ್ಯಾಲೆಟಲ್ಲಿ ಬಣ್ಣ ಬೇಗ ಒಣಗುದಿಲ್ಲ. ವೆಟ್ ಪ್ಯಾಲೆಟ್ ಮುಚ್ಚಿ ನಾಲ್ಕು ದಿನ ಮರೆತ್ರೆ ಮಾತ್ರ ಒಳಗೆ ಕಾಡು ಬೆಳೀತದೆ.

ನನ್ನ ಓರ್ಕ್ ಬ್ಲಿಟ್ಜರ್‌ಗಳಿಗೆ ನಾನು ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಮುಖ ಮಾಡಿದ್ದೇನೆ. ಹಸಿರು ಚರ್ಮದ ಮೇಲೆ ಕೆಂಪು, ಕಪ್ಪು, ಆಮೇಲೆ ಹುಬ್ಬಿನ ಮೇಲೆ ಕೆನ್ನೆ ಸುತ್ತ ಬಿಳಿ ಚಿಟ್ಟಿ. ಮೇಳದವರು ಅಕ್ಕಿಹಿಟ್ಟಲ್ಲಿ ಚಿಟ್ಟಿ ಇಡುದು, ನಾನು ಬಿಳಿ ಅಕ್ರಿಲಿಕ್ ಸ್ವಲ್ಪ ದಪ್ಪ ಇಟ್ಟು ಗುಂಡುಸೂಜಿ ತುದಿಯಲ್ಲಿ ಒಂದೊಂದೇ ಚುಕ್ಕಿ ಇಡುದು. ಬ್ರಶ್ಶಿಗೆ ಆ ಚುಕ್ಕಿ ಉಬ್ಬುದಿಲ್ಲ, ಸೂಜಿಗೆ ಉಬ್ಬಿ ನಿಲ್ತದೆ. ಮೂರಡಿ ದೂರದಿಂದ ಇವನು ಬ್ಲಿಟ್ಜರ್, ಇವನು ಲೈನ್‌ಮನ್ ಅಂತ ಎದುರಿನವನಿಗೂ ಗೊತ್ತಾಗ್ತದೆ, ಅದು ಮುಖ್ಯ, ಪ್ರತಿ ಟರ್ನ್ ‘ಇವನು ಯಾರು’ ಅಂತ ಕೇಳಿಸಿಕೊಂಡ್ರೆ ಆಟವೇ ಮುಂದೆ ಹೋಗುದಿಲ್ಲ.

ಸ್ಕಿಲ್ ನೆನಪಿಡ್ಲಿಕ್ಕೆ ಫ್ಯಾನ್ಸಿ ಅಂಗಡಿಯಲ್ಲಿ ಮಕ್ಕಳ ಜುಟ್ಟಿಗೆ ಹಾಕುವ ಸಣ್ಣ ಬಣ್ಣದ ರಬ್ಬರ್ ಸಿಗ್ತದೆ, ಬೇಸಿಗೆ ಸಿಕ್ಕಿಸಿ. ಬ್ಲಾಕ್‌ಗೆ ಒಂದು ಬಣ್ಣ, ಗಾರ್ಡ್‌ಗೆ ಒಂದು, ಲೀಗಲ್ಲಿ ಎಲ್ಲರೂ ಒಂದೇ ಬಣ್ಣದ ಒಪ್ಪಂದ ಮಾಡ್ಕೊಂಡ್ರೆ ಆಯ್ತು. ಬೇಸ್ ಅಡಿಗೆ ಮ್ಯಾಗ್ನೆಟ್ ಅಂಟಿಸಿ ಡಬ್ಬಿಯಲ್ಲಿ ಒಯ್ಯುವವರು ಒಂದು ನೋಡಿ, ಅಡುಗೆಮನೆಯ ಸ್ಟೀಲ್ ಡಬ್ಬಿಗೆ ತುಂಬಾ ಸಲ ಮ್ಯಾಗ್ನೆಟ್ ಹಿಡಿಯುದೇ ಇಲ್ಲ, ಬಿಸ್ಕಿಟಿನ ಹಳೇ ತಗಡಿನ ಡಬ್ಬಿ ಬೇಕು. ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಂಗ್ಳೂರಿಗೆ ಬರುವಾಗ ಆ ಬ್ರೇಕಿಗೂ ಹನ್ನೊಂದು ಜನ ನಿಂತೇ ಇರ್ತಾರೆ.

ಪಿಚ್ ಇಲ್ಲದವರು ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. 32 ಎಂಎಂ ಬೇಸ್ ಆರಾಮಾಗಿ ಕೂರ್ಲಿಕ್ಕೆ 34 ಎಂಎಂ ಚೌಕ ಇಟ್ರೆ 26 ಚೌಕಕ್ಕೆ 88 ಸೆಂಟಿಮೀಟರ್ ಚಿಲ್ಲರೆ, 15ಕ್ಕೆ 51 ಸೆಂಟಿಮೀಟರ್. ಮ್ಯಾಟ್ ಫಿನಿಶ್ ಕೇಳಿ, ಹೊಳೆಯುವ ಫ್ಲೆಕ್ಸ್ ಮೇಲೆ ಟ್ಯೂಬ್‌ಲೈಟ್ ಬಿದ್ರೆ ಗೆರೆ ಕಾಣುದಿಲ್ಲ.

---

ಸುರತ್ಕಲ್_ಹುಡುಗ:

ಆ ಚಿಟ್ಟಿ ಇಟ್ಟ ಗೊಂಬೆಯ ಫೋಟೋ ಹಾಕಿ ಪ್ಲೀಸ್. ನಾನು ಭಾನುವಾರ ನೋಡ್ಲಿಕ್ಕೆ ಬರ್ತೇನೆ. ಆಡ್ಲಿಕ್ಕೆ ಹೊಸಬ ಯಾವ ಟೀಮ್ ತಗೊಳ್ಳುದು?

---

ಕಟಪಾಡಿ_ಕೋಚ್:

ಹ್ಯೂಮನ್ ಅಥವಾ ಓರ್ಕ್. ಹ್ಯೂಮನ್‌ಗೆ ಎಲ್ಲ ಸ್ವಲ್ಪ ಸ್ವಲ್ಪ ಬರ್ತದೆ, ಪಾಸು, ಓಟ, ಪೆಟ್ಟು, ಹಾಗಾಗಿ ಆಟ ಕಲೀಲಿಕ್ಕೆ ಒಳ್ಳೇದು. ಎಲ್ಫ್ ನೋಡ್ಲಿಕ್ಕೆ ಚಂದ ಅಂತ ತಗೊಳ್ಬೇಡಿ, ಒಬ್ಬೊಬ್ಬನ ರೇಟು ಜಾಸ್ತಿ, ಸತ್ರೆ ಹೊಟ್ಟೆ ಉರೀತದೆ. ಗೊಂಬೆ ತಗೊಳ್ಳುವ ಮೊದ್ಲು ಫಂಬಲ್ ಅಂತ ಸೈಟ್ ಉಂಟು, ಅಲ್ಲಿ ಬಿಟ್ಟಿಯಾಗಿ ಆಡಿ ನೋಡಿ, ತುಂಬಾ ವರ್ಷದಿಂದ ನಡೀತಾ ಇರುದು. ಹಾಫ್ಲಿಂಗ್ ತಗೊಳ್ಳಿ ಅಂತ ಕೋಟೇಶ್ವರದವರು ಹೇಳ್ತಾರೆ, ಕೇಳ್ಬೇಡಿ.

---

ಬಲ್ಮಠ_ಓರ್ಕ್:

ಎಲ್ರಿಗೂ ಥ್ಯಾಂಕ್ಸ್ ಮಾರ್ರೆ. ಥ್ರೋವರ್ ಮತ್ತೆ ಲೈನ್‌ಮನ್ ತಗೊಳ್ತಾ ಇದ್ದೇನೆ, ಅದು ಫಿಕ್ಸ್. ಎಂವಿಪಿಗೆ ನಾಲ್ಕು ಬಿಗ್ ಅನ್, 4 ಇರುವ ಲೈನ್‌ಮನ್, ಆರನೇದ್ದು ಪಾಯಿಂಟೇ ಇಲ್ಲದ ಇನ್ನೊಬ್ಬ ಬ್ಲಿಟ್ಜರ್. ಬಿಗ್ ಅನ್‌ಗೆ ಬ್ಲಾಕ್, ಯಾಕಂದ್ರೆ ನಮ್ಮ ಲೀಗಲ್ಲಿ ಡ್ವಾರ್ಫ್ ಇಬ್ಬರು ಇದ್ದಾರೆ. ಬೊಲ್ಲನಿಗೆ 6 ಖರ್ಚು ಮಾಡಿ ಟ್ಯಾಕಲ್, ಬಂಗುಡೆ ತಾನೇ ಬಾಯಿ ಬಿಟ್ಟು ಹೆದರಿಕೆ ಅಂತ ಹೇಳಿದ ಮೇಲೆ ಬಿಡ್ಲಿಕ್ಕುಂಟಾ. ಉಳಿದ 4ಕ್ಕೆ ಎರಡನೇ ಸ್ಕಿಲ್ ರ್‍ಯಾಂಡಮ್ ಸಿಗ್ತದೆ ಅಂತ ಪುಸ್ತಕದಲ್ಲಿ ಉಂಟು, ತಗೊಳ್ಳುದಾ, 8 ಆಗುವವರೆಗೆ ಇಟ್ಟು ಮೈಟಿ ಬ್ಲೋ ಆರಿಸುದಾ? ಇಟ್ರೆ ಟೀಮ್ ವ್ಯಾಲ್ಯೂ ಏರ್ತದಾ?

---

ಕೋಟೇಶ್ವರ_ಹಾಫ್ಲಿಂಗ್:

ಖರ್ಚು ಮಾಡದ ಪಾಯಿಂಟಿಗೆ ವ್ಯಾಲ್ಯೂ ಏರುದಿಲ್ಲ. ಇಡಿ. ಆದ್ರೆ ಬೊಲ್ಲ ಸತ್ರೆ ಅಷ್ಟೂ ಅವನ ಜೊತೆಗೇ ಹೋಗ್ತದೆ. ಕ್ಯಾಶುವಲ್ಟಿ ಆದ್ರೆ ಡಿ16ರಲ್ಲಿ 15, 16 ಬಿದ್ರೆ ಸಾವು, ಅಪೋಥೆಕರಿಯನ್ನು ಅವನಿಗೇ ಅಂತ ಎತ್ತಿಡಿ, ಲೈನ್‌ಮನ್ ಕೆಒ (ಪ್ರಜ್ಞೆ ತಪ್ಪಿ ಹೊರಗೆ) ಆದ ಅಂತ ಮರುಗಿ ಖರ್ಚು ಮಾಡ್ಬೇಡಿ.

---

ಬಂಗುಡೆ_ಎಕ್ಸ್‌ಪ್ರೆಸ್:

ಟ್ಯಾಕಲ್ ಹಾಕಿದ್ಯಲ್ಲ, ಸರಿ. ಮುಂದಿನ ಭಾನುವಾರ ಮೊದಲ ಟರ್ನಲ್ಲೇ ನನ್ನ ರ್‍ಯಾಟ್ ಓಗರ್ ಸೀದಾ ಬೊಲ್ಲನ ಹತ್ರ ಬರ್ತದೆ. ಗೋಳಿಬಜೆ ನಿನ್ನ ಲೆಕ್ಕದಲ್ಲಿ.